ಮನೆಯಲ್ಲೇ ಹೋಂ ಥಿಯೇಟರ್ ಸ್ಪೀಕರ್ ಮಾಡುವವರಿಗೆ: ಯಾವ ಬಾಕ್ಸ್, ಯಾವ ಹಲಗೆ, ಯಾವ ಸೆಂಟರ್?

"ಏನಂದ ಅವನು ಈಗ?"

ಸಿನಿಮಾ ನೋಡುವಾಗ ಅಮ್ಮ ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದ ಪ್ರಶ್ನೆ ಇದು. ಡೈಲಾಗ್ ಕೇಳಿಸಲಿ ಅಂತ ಸೌಂಡ್ ಜಾಸ್ತಿ ಮಾಡುತ್ತಿದ್ದೆ. ಅಷ್ಟರಲ್ಲಿ ಫೈಟ್ ಬರುತ್ತಿತ್ತು. "ಕಮ್ಮಿ ಮಾಡೋ, ಪಕ್ಕದ ಮನೆಯಲ್ಲಿ ಮಗು ಮಲಗಿದೆ" ಅನ್ನುತ್ತಿದ್ದರು. ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 30×40 ಸೈಟಿನ ಮನೆ. ಪಕ್ಕದ ಮನೆಗೂ ನಮಗೂ ನಡುವೆ ಒಂದು ಬೈಕ್ ನಿಲ್ಲಿಸುವಷ್ಟು ಜಾಗ. ಹಾಗಾಗಿ ರಿಮೋಟ್ ಕೈಯಲ್ಲಿ ಹಿಡಿದುಕೊಂಡೇ ಇಡೀ ಸಿನಿಮಾ ನೋಡಬೇಕಿತ್ತು.

ಮೊದಲು ಅಮ್ಮನ ಕಿವಿ ತೋರಿಸಿದೆವು. ವಯಸ್ಸಿಗೆ ತಕ್ಕ ಹಾಗೆ ಇದೆ, ತೊಂದರೆ ಇಲ್ಲ ಅಂದರು. ವಯಸ್ಸಾದಂತೆ ಮೊದಲು ಕೇಳದಾಗುವುದು ಕೀರಲು ದನಿಗಳು, ಅಂದರೆ ಮೇಲಿನ ಹರ್ಟ್ಸ್‌ಗಳು (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆ; ಹೆಚ್ಚಾದಷ್ಟೂ ದನಿ ಕೀರಲು). ಆಗ ಟಿವಿಯ ಸ್ಪೀಕರ್ ಮೇಲೆ ಅನುಮಾನ ಬಂತು. ಸ್ಪೀಕರ್ ನಾನೇ ಮಾಡುತ್ತೇನೆ ಅಂತ ಹೊರಟದ್ದು ಹೀಗೆ. ಎರಡು ವರ್ಷದಲ್ಲಿ ಎರಡು ಸಲ ಮಾಡಿದೆ. ಮೊದಲನೆಯದು ಸರಿಬರಲಿಲ್ಲ, ಎರಡನೆಯದು ಈಗಲೂ ಮನೆಯಲ್ಲಿದೆ.

ಈ ಬರಹದಲ್ಲಿ ಯಾವ ಆಯ್ಕೆ ಬಂದರೂ ನಾನು ಕೇಳುವ ಪ್ರಶ್ನೆ ಒಂದೇ: ಮಾತು ಸ್ಪಷ್ಟವಾಗುತ್ತದಾ? ಎದೆ ನಡುಗಿಸುವ ಬಾಸ್ ನಿಮಗೆ ಮೊದಲು ಬೇಕು ಅಂದರೆ ನನ್ನ ಕೆಲವು ತೀರ್ಮಾನ ನಿಮಗೆ ಹೊಂದುವುದಿಲ್ಲ. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಕೊಳ್ಳುವುದಾ, ಮಾಡುವುದಾ?

ಬಾಡಿಗೆ ಮನೆಯಲ್ಲಿದ್ದು, ವರ್ಷಕ್ಕೊಮ್ಮೆ ಮನೆ ಬದಲಿಸುವವರಾದರೆ ಸೌಂಡ್‌ಬಾರ್ ತೆಗೆದುಕೊಳ್ಳಿ. ನಡುವೆ ಸೆಂಟರ್ ಸ್ಪೀಕರ್ ಬೇರೆಯಾಗಿ ಇರುವ ಬಾರ್ ಆದರೆ ಡೈಲಾಗ್ ಪರವಾಗಿಲ್ಲ. ಅದಕ್ಕೆ ಬೇಕಾದದ್ದು ಒಂದು ಎಚ್‌ಡಿಎಂಐ ತಂತಿ ಅಷ್ಟೇ. ಸ್ವಂತ ಸ್ಪೀಕರಿಗೆ ರಿಸೀವರ್ (ದನಿಯನ್ನು ಸ್ಪೀಕರುಗಳಿಗೆ ಹಂಚುವ ಆ್ಯಂಪ್) ಬೇಕು, ತಂತಿ ಎಳೆಯಬೇಕು, ಜಾಗ ಬೇಕು.

ಆದರೆ ಪೆಟ್ಟಿಗೆಯಲ್ಲಿ ಒಟ್ಟಿಗೆ ಸಿಗುವ ಅಗ್ಗದ 5.1 (ಐದು ಸ್ಪೀಕರ್, ಬಾಸಿಗೆ ಒಂದು ಸಬ್‌ವೂಫರ್) ಸೆಟ್ಟಿಗಿಂತ ಮನೆಯಲ್ಲಿ ಮಾಡಿದ್ದು ಖಂಡಿತ ಮೇಲು. ಕಾರಣ ಸರಳ. ಆ ಸೆಟ್ಟಿನ ಪುಟ್ಟ ಸ್ಪೀಕರುಗಳಲ್ಲಿ ಇರುವುದು ಎರಡು ಮೂರು ಇಂಚಿನ ಕೋನ್ (ಅಲುಗಾಡಿ ಸದ್ದು ಮಾಡುವ ಭಾಗ). ಅವು ಸುಮಾರು 150 ಹರ್ಟ್ಸ್‌ಗಿಂತ ಕೆಳಗೆ ಇಳಿಯುವುದೇ ಕಷ್ಟ. ಗಂಡಸರ ದನಿಯ ತಳ ಇರುವುದು ಸುಮಾರು 85ರಿಂದ 180 ಹರ್ಟ್ಸ್ ನಡುವೆ. ಅಂದರೆ ಹೀರೋನ ದನಿಯ ಅರ್ಧ ಮೂಲೆಯಲ್ಲಿರುವ ಸಬ್‌ವೂಫರಿನಿಂದ ಬರುತ್ತದೆ, ಇನ್ನರ್ಧ ಟಿವಿಯ ಕೆಳಗಿನಿಂದ. ಮಾತು ಗುಂಯ್ ಅನ್ನುವುದು ಇದಕ್ಕೇ. ಡಬ್ಬದ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿರುವುದನ್ನು ನೋಡಿ ಮರುಳಾಗಬೇಡಿ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಒಂದೇ ಸಮ ಕೊಡಬಲ್ಲ ಶಕ್ತಿ ಮಾತ್ರ.

ದುಡ್ಡು ಉಳಿಯುತ್ತದೆ ಅಂತ ಮಾತ್ರ ಹೊರಡಬೇಡಿ. ಮೊದಲ ಸಲ ಉಪಕರಣ, ಹಾಳಾದ ಹಲಗೆ, ಎರಡನೇ ಸಲ ತರಿಸಿದ ಬಿಡಿಭಾಗ ಎಲ್ಲ ಸೇರಿ ಲೆಕ್ಕ ಮೇಲೆ ಹೋಗುತ್ತದೆ. ಬೆಲೆ ಬದಲಾಗುತ್ತಲೇ ಇರುವುದರಿಂದ ಪಾಲು ಮಾತ್ರ ಹೇಳುತ್ತೇನೆ. ನನ್ನ ಖರ್ಚಿನಲ್ಲಿ ಅರ್ಧದಷ್ಟು ಡ್ರೈವರುಗಳಿಗೆ (ಬಾಕ್ಸಿನಲ್ಲಿ ಕೂರಿಸುವ, ದನಿ ಹೊರಡಿಸುವ ಭಾಗ), ಸುಮಾರು ಐದನೇ ಒಂದು ಪಾಲು ಕ್ರಾಸ್‌ಓವರಿಗೆ (ದನಿಯನ್ನು ಒಡೆದು ಯಾವ ಡ್ರೈವರಿಗೆ ಯಾವುದು ಅಂತ ಹಂಚುವ ಸರ್ಕ್ಯೂಟ್), ಉಳಿದದ್ದು ಹಲಗೆ, ಆಚಾರಿಗಳ ಕೂಲಿ, ಪಾಲಿಶ್‌ಗೆ ಹೋಯಿತು.

ಎಷ್ಟು ಸ್ಪೀಕರ್?

ಒಬ್ಬರೇ, ಅಥವಾ ಗಂಡ ಹೆಂಡತಿ ಇಬ್ಬರೇ ನಡುವೆ ಕೂತು ನೋಡುವವರಾದರೆ ಒಳ್ಳೆಯ ಎರಡು ಸ್ಪೀಕರ್ ಸಾಕು. ಎಡ ಬಲದಿಂದ ಸಮನಾಗಿ ಬಂದ ದನಿ ನಡುವೆ ನಿಂತ ಹಾಗೆ ಕೇಳುತ್ತದೆ. ಬದಿಗೆ ಕೂತವರಿಗೆ ಹಾಗಾಗುವುದಿಲ್ಲ. ಹತ್ತಿರದ ಸ್ಪೀಕರ್ ಕಡೆಗೆ ಮಾತು ಎಳೆದುಕೊಂಡು ಹೋಗುತ್ತದೆ. ಅಮ್ಮನ ಕುರ್ಚಿ ಯಾವಾಗಲೂ ಬಲ ತುದಿಯಲ್ಲಿ, ಕಿಟಕಿ ಪಕ್ಕ. ಅದನ್ನು ಸರಿಸುವ ಮಾತೇ ಇಲ್ಲ. 5.1 ಸಿನಿಮಾದಲ್ಲಿ ಡೈಲಾಗಿನ ಬಹುಪಾಲು ಬರುವುದು ಸೆಂಟರಿನಿಂದ. ಹಾಗಾಗಿ ನಮ್ಮ ಮನೆಗೆ ಮೂರು ಬೇಕೇ ಬೇಕಿತ್ತು.

ಸರೌಂಡ್ ಎರಡನ್ನು ಕೊನೆಗೆ ಬಿಡಿ. ಅವುಗಳ ಜಾಗ ಕೂತವರ ಪಕ್ಕದಲ್ಲಿ, ಸ್ವಲ್ಪ ಹಿಂದೆ. ಅಳತೆಯಲ್ಲಿ ಹೇಳುವುದಾದರೆ ಎದುರಿನಿಂದ 100ರಿಂದ 120 ಡಿಗ್ರಿ. ಮುಂದಿನ ಎಡ ಬಲ ತಲಾ 30 ಡಿಗ್ರಿ. ಸರೌಂಡಿನಲ್ಲಿ ಮಳೆ, ಗಾಳಿ, ಜನರ ಗದ್ದಲ ಬರುತ್ತದೆ. ಅದಕ್ಕೆ ಸಣ್ಣ ಬಾಕ್ಸ್, ಒಂದೇ ಫುಲ್‌ರೇಂಜ್ ಡ್ರೈವರ್ ಇದ್ದರೂ ನಡೆಯುತ್ತದೆ. ಐದನ್ನೂ ಒಟ್ಟಿಗೆ ಮಾಡಲು ಹೋಗಿ ಐದೂ ಅರೆಬರೆ ಆಗುವುದಕ್ಕಿಂತ ಮುಂದಿನ ಮೂರನ್ನು ಚೆನ್ನಾಗಿ ಮಾಡಿ ಅಂತ ನಾನು ಹೇಳುತ್ತೇನೆ.

ಯಾರೋ ಮಾಡಿದ ಡಿಸೈನಾ, ಸ್ವಂತ ಡಿಸೈನಾ?

ನನ್ನ ಮೊದಲ ಸೆಟ್ ಸ್ವಂತ ಡಿಸೈನ್. ಒಳ್ಳೆಯ ವೂಫರ್ (ದಪ್ಪ ದನಿಯ ಡ್ರೈವರ್), ಒಳ್ಳೆಯ ಟ್ವೀಟರ್ (ಕೀರಲು ದನಿಯದ್ದು) ತರಿಸಿದೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಎರಡು ದಾರಿಯ ರೆಡಿಮೇಡ್ ಕ್ರಾಸ್‌ಓವರ್ ಬೋರ್ಡ್ ತಂದೆ. ಬೋರ್ಡಿನ ಮೇಲೆ 8 ಓಮ್ ಅಂತ ಬರೆದಿತ್ತು, ಡ್ರೈವರ್ ಮೇಲೂ 8 ಓಮ್ ಅಂತ ಇತ್ತು. ಸರಿಯಾಯಿತು ಅಂದುಕೊಂಡೆ.

ಡ್ರೈವರಿನ 8 ಓಮ್ ತಡೆ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಹರ್ಟ್ಸ್‌ನಲ್ಲಿ 6 ಇರುತ್ತದೆ, ಇನ್ನೊಂದರಲ್ಲಿ 30 ದಾಟುತ್ತದೆ. ರೆಡಿಮೇಡ್ ಬೋರ್ಡ್ ಸದಾ 8 ಓಮ್ ಅಂತ ನಂಬಿಕೊಂಡು ಮಾಡಿದ್ದು. ಹಾಗಾಗಿ ಅದು ಎಲ್ಲಿ ಕತ್ತರಿಸಬೇಕೋ ಅಲ್ಲಿ ಕತ್ತರಿಸುವುದಿಲ್ಲ. ಸಾಲದ್ದಕ್ಕೆ ಟ್ವೀಟರ್ ವೂಫರಿಗಿಂತ ಜೋರಾಗಿದ್ದರೆ ಅದನ್ನು ತಗ್ಗಿಸುವ ವ್ಯವಸ್ಥೆಯೂ ಅದರಲ್ಲಿ ಇರಲಿಲ್ಲ. ಕೊನೆಗೆ ಅಳತೆಯ ಮೈಕ್ ಒಂದನ್ನು ತರಿಸಿ, ರೂಮ್ ಇಕ್ಯೂ ವಿಝರ್ಡ್ ಅನ್ನುವ ಉಚಿತ ತಂತ್ರಾಂಶದಲ್ಲಿ ನೋಡಿದೆ. 2ರಿಂದ 3 ಸಾವಿರ ಹರ್ಟ್ಸ್ ನಡುವೆ ದೊಡ್ಡ ಹಳ್ಳ ಬಿದ್ದಿತ್ತು.

ಆ ಜಾಗದಲ್ಲಿ ಹಳ್ಳ ಬಿದ್ದರೆ ಏನಾಗುತ್ತದೆ ಅನ್ನುವುದು ಮುಖ್ಯ. ಮಾತಿನಲ್ಲಿ ಜೋರು ಕೊಡುವುದು ಸ್ವರಗಳು, ಅರ್ಥ ಕೊಡುವುದು ವ್ಯಂಜನಗಳು. ಕಲೆ, ತಲೆ, ಬಲೆ, ಮಲೆ. ಮೊದಲ ಸದ್ದು ತಪ್ಪಿದರೆ ಯಾವ ಪದ ಅಂತ ಊಹೆ ಮಾಡಬೇಕು. ಕ, ತ, ಸ, ಶ ಇವುಗಳ ಗುರುತು ಸಿಗುವುದು ಬಹುಪಾಲು 2 ಸಾವಿರ ಹರ್ಟ್ಸ್‌ನಿಂದ ಮೇಲೆ. ಅಮ್ಮನ ಕಿವಿ ಮೊದಲೇ ಅಲ್ಲಿ ಸ್ವಲ್ಪ ಸೋತಿದೆ. ನನ್ನ ಸ್ಪೀಕರ್ ಕೂಡ ಅಲ್ಲೇ ಸೋತಿತು.

ಅದಕ್ಕೆ ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಗಟ್ಟಿ: ಬಲ್ಲವರು ಅಳತೆ ಮಾಡಿ, ಕ್ರಾಸ್‌ಓವರ್ ಸಮೇತ ಪ್ರಕಟಿಸಿರುವ ಡಿಸೈನ್ ಆರಿಸಿ. ಡೇಟನ್ ಆಡಿಯೋ, ಎಸ್‌ಬಿ ಅಕೌಸ್ಟಿಕ್ಸ್ ಥರದ ಕಂಪನಿಗಳ ಡ್ರೈವರಿಗೆ ಇಂಥ ಡಿಸೈನ್ ಬೇಕಾದಷ್ಟಿವೆ. ಅದರಲ್ಲಿ ಹೇಳಿದ ಡ್ರೈವರ್, ಹೇಳಿದ ಮುಂಭಾಗದ ಅಗಲ, ಹೇಳಿದ ಕಾಯಿಲ್ ಕೆಪ್ಯಾಸಿಟರ್ ಹಾಗೇ ಇರಲಿ. ಬಾಕ್ಸಿನ ಆಳ ಎತ್ತರ ಸ್ವಲ್ಪ ಬದಲಿಸಿ ಒಳಗಿನ ಲೀಟರ್ ಅಷ್ಟೇ ಉಳಿಸಿಕೊಳ್ಳಬಹುದು. ಮುಂಭಾಗದ ಅಗಲ ಬದಲಿಸಿದರೆ ದನಿ ಬದಲಾಗುತ್ತದೆ. ಇನ್ನೊಂದು ಮಾತು, ಡಿಸೈನ್ ಗೋಡೆಗೆ ಒತ್ತಿ ಇಡಲು ಮಾಡಿದ್ದಾ, ಗೋಡೆಯಿಂದ ದೂರ ಇಡಲು ಮಾಡಿದ್ದಾ ನೋಡಿಕೊಳ್ಳಿ. ಗೋಡೆ ಹತ್ತಿರವಿದ್ದರೆ ದಪ್ಪ ದನಿ ಹೆಚ್ಚುತ್ತದೆ. ದೂರ ಇಡುವ ಡಿಸೈನನ್ನು ನಮ್ಮ ಸಣ್ಣ ಕೋಣೆಯಲ್ಲಿ ಗೋಡೆಗೆ ಒರಗಿಸಿದರೆ ಗಂಡಸರ ದನಿ ಗಡಿಗೆಯೊಳಗಿನಿಂದ ಬಂದಂತೆ ಆಗುತ್ತದೆ.

ಸ್ವಂತ ಡಿಸೈನೇ ಮಾಡಬೇಕು ಅಂತ ಆಸೆ ಇದ್ದರೆ ಮೈಕ್ ಮೊದಲು ಕೊಳ್ಳಿ, ಡ್ರೈವರ್ ಆಮೇಲೆ. ವಿಟುಯಿಕ್ಸ್‌ಕ್ಯಾಡ್ ಅನ್ನುವ ಉಚಿತ ತಂತ್ರಾಂಶ ಕಲಿಯಿರಿ. ನಿಮ್ಮ ಬಾಕ್ಸಿನಲ್ಲಿ ಕೂರಿಸಿದ ಡ್ರೈವರನ್ನು ನೀವೇ ಅಳೆದು ಅದಕ್ಕೆ ಕೊಡಬೇಕು. ಕಂಪನಿಯ ಗ್ರಾಫ್ ಸಾಮಾನ್ಯವಾಗಿ ದೊಡ್ಡ ಹಲಗೆಯಲ್ಲಿ ಕೂರಿಸಿ ಅಳೆದದ್ದು, ನಿಮ್ಮ ಎಂಟು ಇಂಚಿನ ಬಾಕ್ಸಿಗೆ ಅದು ಹೊಂದುವುದಿಲ್ಲ.

ಮುಚ್ಚಿದ ಬಾಕ್ಸಾ, ಪೋರ್ಟ್ ಇರುವ ಬಾಕ್ಸಾ?

ಘಟಂ ನುಡಿಸುವವರನ್ನು ನೋಡಿದ್ದೀರಲ್ಲ. ಘಟದ ಬಾಯಿಯನ್ನು ತಮ್ಮ ಹೊಟ್ಟೆಗೆ ಒತ್ತಿ ಬಿಟ್ಟಾಗ ಒಳಗಿನಿಂದ ಗುಂ ಅನ್ನುವ ದನಿ ಹೊರಡುತ್ತದೆ. ಒಳಗಿನ ಗಾಳಿ, ಬಾಯಿಯ ಅಳತೆ ಎರಡೂ ಸೇರಿ ಒಂದು ದನಿಗೆ ತೂಗುತ್ತವೆ. ಪೋರ್ಟ್, ಅಂದರೆ ಗಾಳಿ ಆಡುವ ಕೊಳವೆ ಇರುವ ಬಾಕ್ಸ್ ಕೆಲಸ ಮಾಡುವುದೂ ಹೀಗೇ. ಕೋನಿನ ಹಿಂಭಾಗದ ದನಿಯನ್ನು ಆ ಕೊಳವೆ ಬಳಸಿಕೊಳ್ಳುತ್ತದೆ. ಹಾಗಾಗಿ ಅದೇ ಡ್ರೈವರಿನಿಂದ ಇನ್ನೂ ಕೆಳಗಿನ ಬಾಸ್ ಸಿಗುತ್ತದೆ.

ಮುಚ್ಚಿದ ಬಾಕ್ಸಿನಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಈ ಉಪಾಯದಿಂದ ಎಆರ್-1 ಅನ್ನುವ ಸ್ಪೀಕರ್ ತಂದರು. ಅಲ್ಲಿಯವರೆಗೆ ಬಾಸ್ ಬೇಕಾದರೆ ಅಲಮಾರದಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಅವರದ್ದು ಶೆಲ್ಫಿನಲ್ಲಿ ಕೂತಿತು.

ಎರಡರ ನಡುವಿನ ನಿಜವಾದ ವ್ಯತ್ಯಾಸ ದನಿ ಹೇಗೆ ಇಳಿಯುತ್ತದೆ ಅನ್ನುವುದರಲ್ಲಿದೆ. ಮುಚ್ಚಿದ ಬಾಕ್ಸಿನಲ್ಲಿ ಹರ್ಟ್ಸ್ ಅರ್ಧಕ್ಕೆ ಇಳಿದಾಗ 12 ಡೆಸಿಬಲ್ ಕಡಿಮೆಯಾಗುತ್ತದೆ, ನಿಧಾನ. ಪೋರ್ಟಿನಲ್ಲಿ 24 ಡೆಸಿಬಲ್, ಕಡಿದಾಗಿ. ಪೋರ್ಟಿನ ಹರ್ಟ್ಸ್‌ಗಿಂತ ಕೆಳಗೆ ಕೋನಿಗೆ ಹಿಡಿತವೇ ಇರುವುದಿಲ್ಲ. ಅಲ್ಲಿ ಜೋರು ಬಾಸ್ ಕೊಟ್ಟರೆ ಕೋನ್ ಬಡಿದುಕೊಳ್ಳುತ್ತದೆ.

ಹಾಗಾದರೆ ಯಾವುದು? ಸಬ್‌ವೂಫರ್ ಇಲ್ಲದೆ ಎರಡೇ ಸ್ಪೀಕರಿನಲ್ಲಿ ಹಾಡು, ಸಿನಿಮಾ ಎಲ್ಲ ನಡೆಸುವವರು ಪೋರ್ಟ್ ಆರಿಸಿ. ಸಬ್ ಇರುತ್ತದೆ ಅನ್ನುವವರಿಗೆ ನನ್ನ ಮತ ಮುಚ್ಚಿದ ಬಾಕ್ಸಿಗೆ. ಇದಕ್ಕೆ ಒಂದು ಚಂದದ ಲೆಕ್ಕ ಇದೆ. ರಿಸೀವರಿನಲ್ಲಿ ಸಬ್ಬಿಗೂ ಸ್ಪೀಕರಿಗೂ ನಡುವಿನ ಗಡಿ 80 ಹರ್ಟ್ಸ್ ಅಂತ ಇಟ್ಟರೆ ಬಹಳ ರಿಸೀವರುಗಳು ಸಬ್ಬಿಗೆ 24 ಡೆಸಿಬಲ್ ಇಳಿಜಾರು ಕೊಡುತ್ತವೆ, ಸ್ಪೀಕರಿಗೆ 12 ಮಾತ್ರ. ಉಳಿದ 12 ಎಲ್ಲಿಂದ ಬರಬೇಕು? 80 ಹರ್ಟ್ಸ್‌ನಲ್ಲಿ ಇಳಿಯಲು ಶುರು ಮಾಡುವ ಮುಚ್ಚಿದ ಬಾಕ್ಸಿನಿಂದ. ಎರಡೂ ಸೇರಿ 24. ಸಬ್ಬೂ ಸ್ಪೀಕರೂ ಕೈ ಕೈ ಹಿಡಿದ ಹಾಗೆ ಹೊಂದುತ್ತವೆ. ಟಿಎಚ್‌ಎಕ್ಸ್‌ನ (ಸಿನಿಮಾ ದನಿಗೆ ಗುಣಮಟ್ಟದ ಗುರುತು ಕೊಡುವ ಸಂಸ್ಥೆ) ಮನೆ ಸ್ಪೀಕರುಗಳ ಹಿಂದಿರುವ ಯೋಚನೆ ಇದೇ.

ಬಾಕ್ಸ್ ಎಷ್ಟು ಲೀಟರ್ ಅನ್ನುವುದನ್ನು ಡ್ರೈವರಿನ ಕಾಗದ ಹೇಳುತ್ತದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 1970ರ ದಶಕದ ಶುರುವಿನಲ್ಲಿ ರಿಚರ್ಡ್ ಸ್ಮಾಲ್ ಈ ಲೆಕ್ಕಗಳನ್ನು ಕೂರಿಸಿಕೊಟ್ಟರು. ಅದಕ್ಕೇ ಥೀಲ್-ಸ್ಮಾಲ್ ಅಂಕಿಗಳು ಅನ್ನುತ್ತಾರೆ. ಒಂದು ಉದಾಹರಣೆ ನೋಡಿ. ಎಫ್‌ಎಸ್ (ಡ್ರೈವರ್ ತಾನಾಗಿ ಮಿಡಿಯುವ ಜಾಗ) 45 ಹರ್ಟ್ಸ್, ಕ್ಯೂಟಿಎಸ್ (ಆ ಮಿಡಿತಕ್ಕೆ ಎಷ್ಟು ಹಿಡಿತ ಅನ್ನುವ ಅಂಕಿ) 0.4, ವಿಎಎಸ್ (ಡ್ರೈವರಿನ ಸ್ಪ್ರಿಂಗಿಗೆ ಸಮನಾದ ಗಾಳಿ) 20 ಲೀಟರ್ ಇರುವ ವೂಫರ್. ಬಾಕ್ಸಿನಲ್ಲಿ ಕೂರಿಸಿದ ಮೇಲೆ ನಮಗೆ ಬೇಕಾದ ಒಟ್ಟು ಕ್ಯೂ 0.707. ಅದನ್ನು 0.4ರಿಂದ ಭಾಗಿಸಿ, ವರ್ಗ ಮಾಡಿ, 1 ಕಳೆಯಿರಿ. 2.12 ಬರುತ್ತದೆ. 20 ಲೀಟರನ್ನು ಅದರಿಂದ ಭಾಗಿಸಿದರೆ 9.4 ಲೀಟರ್. ಬಾಕ್ಸ್ ಇಳಿಯಲು ಶುರುವಾಗುವ ಜಾಗ 45ನ್ನು 1.77ರಿಂದ (0.707 ಭಾಗ 0.4) ಗುಣಿಸಿದರೆ ಸಿಗುತ್ತದೆ. ಸರಿಯಾಗಿ 80 ಹರ್ಟ್ಸ್. ಡ್ರೈವರಿನ ಹಿಂಭಾಗ, ಒಳಗಿನ ಆಧಾರದ ಪಟ್ಟಿ ತಿನ್ನುವ ಜಾಗ ಸೇರಿಸಿ ಹತ್ತೂವರೆ ಲೀಟರ್ ಅಂತ ಇಟ್ಟುಕೊಳ್ಳಿ. ಒಳಗೆ 18 ಸೆಂಟಿಮೀಟರ್ ಅಗಲ, 34 ಎತ್ತರ, 17 ಆಳ ಇದ್ದರೆ ಆಯಿತು. ವಿನ್‌ಐಎಸ್‌ಡಿ ಅನ್ನುವ ಉಚಿತ ತಂತ್ರಾಂಶ ಇದನ್ನೆಲ್ಲ ತಾನೇ ಮಾಡುತ್ತದೆ. ಆದರೂ ಒಂದು ಸಲ ಕೈಯಲ್ಲಿ ಮಾಡಿ ನೋಡಿ. ಯಾವ ಅಂಕಿ ಬದಲಾದರೆ ಏನಾಗುತ್ತದೆ ಅಂತ ಆಗ ಅರ್ಥವಾಗುತ್ತದೆ.

ಎಫ್‌ಎಸ್‌ ಅನ್ನು ಕ್ಯೂಇಎಸ್‌ನಿಂದ (ಡ್ರೈವರಿನ ಕಾಗದದಲ್ಲೇ ಇರುವ ಇನ್ನೊಂದು ಅಂಕಿ) ಭಾಗಿಸಿ, 50ರ ಹತ್ತಿರ ಬಂದರೆ ಮುಚ್ಚಿದ ಬಾಕ್ಸ್, 100ರ ಹತ್ತಿರ ಬಂದರೆ ಪೋರ್ಟ್ ಅನ್ನುವ ಒಂದು ಸುಲಭ ಸೂತ್ರ ಇದೆ. ನನ್ನ ಎರಡನೇ ಸೆಟ್ಟಿನ ಡ್ರೈವರಿಗೆ ಅದು ಪೋರ್ಟ್ ಅನ್ನುತ್ತಿತ್ತು. ನಾನು ಮುಚ್ಚಿದ ಬಾಕ್ಸ್ ಹಾಕಿದೆ. ಆ ಸೂತ್ರ ಡ್ರೈವರ್ ಒಂಟಿಯಾಗಿ ಎಷ್ಟು ಕೆಳಗೆ ಇಳಿಯಬಲ್ಲದು ಅನ್ನುವುದನ್ನು ನೋಡುತ್ತದೆ. 80ರ ಕೆಳಗೆ ಸಬ್ ಇದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಇನ್ನೊಂದು ಸಣ್ಣ ಕಾರಣವೂ ಉಂಟು. ಪೋರ್ಟಿನ ತೂತಿಗೆ ಜಿರಳೆ, ಹಲ್ಲಿ ಸೇರಿಕೊಳ್ಳುತ್ತವೆ. ಪೋರ್ಟ್ ಮಾಡುವವರು ಒಳಗಿನಿಂದ ಸಣ್ಣ ಜಾಲರಿ ಹಾಕಿ.

ಸೆಂಟರ್: ಇಲ್ಲಿ ಮಾತ್ರ ರಾಜಿ ಬೇಡ

ಅಂಗಡಿಯಲ್ಲಿ ಸೆಂಟರ್ ಸ್ಪೀಕರ್ ಅಂದರೆ ಅಡ್ಡ ಮಲಗಿದ ಬಾಕ್ಸ್. ಎರಡು ತುದಿಗೆ ಎರಡು ವೂಫರ್, ನಡುವೆ ಟ್ವೀಟರ್. ಟಿವಿಯ ಕೆಳಗೆ ಚೆನ್ನಾಗಿ ಕೂರುತ್ತದೆ, ನೋಡಲೂ ಸಮವಾಗಿ ಚಂದ. ನನ್ನ ಮೊದಲ ಸೆಟ್ಟಿನಲ್ಲಿ ನಾನೂ ಅದನ್ನೇ ಮಾಡಿದ್ದೆ.

ಅದರ ತೊಂದರೆ ಬದಿಗೆ ಕೂತವರಿಗೆ. ಎರಡು ವೂಫರಿನ ನಡು ಬಿಂದುಗಳ ಅಂತರ 30 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಅಮ್ಮನ ಕುರ್ಚಿ ನೇರದಿಂದ ಸುಮಾರು 30 ಡಿಗ್ರಿ ಪಕ್ಕಕ್ಕಿದೆ. ಆ ಕುರ್ಚಿಗೆ ಒಂದು ವೂಫರಿನ ದನಿ ಇನ್ನೊಂದಕ್ಕಿಂತ 15 ಸೆಂಟಿಮೀಟರ್ ಜಾಸ್ತಿ ದೂರ ಬರಬೇಕು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 1,140 ಹರ್ಟ್ಸ್‌ನ ಅಲೆಯ ಉದ್ದ 30 ಸೆಂಟಿಮೀಟರ್, ಅದರ ಅರ್ಧ 15. ಅಂದರೆ ಒಂದು ವೂಫರ್ ತಳ್ಳುವಾಗ ಇನ್ನೊಂದರ ಅಲೆ ಎಳೆಯುತ್ತಿರುತ್ತದೆ. ಎರಡೂ ಸೇರಿ ಸೊನ್ನೆ. ನಡುವೆ ಕೂತ ನನಗೆ ಎಲ್ಲ ಸರಿಯಾಗಿ ಕೇಳುತ್ತಿತ್ತು, ಅಮ್ಮನಿಗೆ ಮಾತಿನ ನಟ್ಟ ನಡುವೆ ತೂತು. ನಾನು ನನ್ನ ಜಾಗದಲ್ಲಿ ಕೂತು ಪರೀಕ್ಷೆ ಮಾಡಿದ್ದರಿಂದ ಆರು ತಿಂಗಳು ಇದು ತಿಳಿಯಲೇ ಇಲ್ಲ.

ಬೇರೆ ದಾರಿಗಳು ಮೂರಿವೆ. ಮೊದಲನೆಯದು, ಎಡ ಬಲದ ಸ್ಪೀಕರಿನಂಥದ್ದೇ ಮೂರನೆಯದನ್ನು ಮಾಡಿ ನಿಲ್ಲಿಸಿಯೇ ಇಡುವುದು. ಒಂದು ವೂಫರ್, ಅದರ ಮೇಲೆ ಟ್ವೀಟರ್. ಅಕ್ಕಪಕ್ಕ ಎಲ್ಲಿ ಕೂತರೂ ಎರಡರ ದೂರ ಒಂದೇ. ಎಡದಿಂದ ಬಲಕ್ಕೆ ಕಾರು ಹಾದುಹೋದರೆ ದನಿಯ ಬಣ್ಣ ಬದಲಾಗುವುದಿಲ್ಲ. ಟಿವಿಯನ್ನು ಗೋಡೆಯಲ್ಲಿ ಮುಕ್ಕಾಲು ಅಡಿ ಮೇಲೆತ್ತಬೇಕು, ಅಷ್ಟೇ. ನಾನು ಈಗ ಮಾಡಿರುವುದು ಇದು.

ಎರಡನೆಯದು ಕೋಆಕ್ಸಿಯಲ್ ಡ್ರೈವರ್. ವೂಫರಿನ ನಟ್ಟ ನಡುವೆಯೇ ಟ್ವೀಟರ್ ಕೂತಿರುತ್ತದೆ. ನಿಲ್ಲಿಸಿ, ಮಲಗಿಸಿ, ಎಲ್ಲ ಕಡೆಗೂ ಒಂದೇ. ಟಿವಿ ಎತ್ತಲಾಗದವರಿಗೆ ಇದು ಒಳ್ಳೆಯದು. ಕಾರಿಗೆ ಬರುವ ಕೋಆಕ್ಸಿಯಲ್ ಬೇರೆ, ಅದನ್ನು ತರಬೇಡಿ. ಮೂರನೆಯದು ಅಡ್ಡ ಬಾಕ್ಸನ್ನೇ ಮೂರು ದಾರಿಯದ್ದು ಮಾಡುವುದು: ಎರಡು ತುದಿಗೆ ವೂಫರ್, ನಡುವೆ ಸಣ್ಣ ಮಿಡ್‌ರೇಂಜ್, ಅದರ ತಲೆಯ ಮೇಲೆ ಟ್ವೀಟರ್. ಮಾತಿನ ಭಾಗವನ್ನು ಒಂದೇ ಮಿಡ್‌ರೇಂಜ್ ನೋಡಿಕೊಳ್ಳುತ್ತದೆ. ದನಿ ಬಹಳ ಚೆನ್ನಾಗಿರುತ್ತದೆ. ಕ್ರಾಸ್‌ಓವರ್ ಮಾತ್ರ ಎರಡರಷ್ಟು ತಲೆನೋವು, ಹೊಸಬರಿಗೆ ಬೇಡ.

ಎಂಡಿಎಫ್, ಪ್ಲೈವುಡ್, ಮರ

ಬೀಟೆ ಮರದಲ್ಲಿ ಮಾಡಬಹುದಾ ಅಂತ ಮೈಸೂರಿನಲ್ಲಿ ಎಲ್ಲರೂ ಕೇಳುತ್ತಾರೆ. ನಮ್ಮ ಊರಿನ ಬೀಟೆ ಕುಸುರಿ ಕೆಲಸ ನೋಡಿ ಬೆಳೆದವರಿಗೆ ಆಸೆ ಆಗುವುದು ಸಹಜ. ಆದರೆ ಗಟ್ಟಿ ಮರ ಬೇಸಿಗೆಗೆ ಕುಗ್ಗುತ್ತದೆ, ಮಳೆಗಾಲಕ್ಕೆ ಹಿಗ್ಗುತ್ತದೆ. ಹಲಗೆ ಅಗಲ ಆದಷ್ಟೂ ಇದು ಜಾಸ್ತಿ. ಸ್ಪೀಕರ್ ಬಾಕ್ಸಿನ ಸಂದು ಒಂದು ಕಡೆ ಬಿಟ್ಟರೂ ಗಾಳಿ ಸೋರುತ್ತದೆ. ವೀಣೆಯ ಮರ ದನಿಗೆ ತಾನೂ ಮಿಡಿಯಬೇಕು. ಸ್ಪೀಕರ್ ಪೆಟ್ಟಿಗೆ ಸುಮ್ಮನಿರಬೇಕು. ಬೀಟೆಯ ಚಂದ ಬೇಕಾದರೆ ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಮೇಲೆ ಬೀಟೆ ವೆನೀರ್, ಅಂದರೆ ತೆಳು ಮರದ ಹಾಳೆ ಅಂಟಿಸಿ.

18 ಮಿಲಿಮೀಟರ್ ಎಂಡಿಎಫ್ ಎಲ್ಲ ಕಡೆ ಒಂದೇ ಸಮ, ಒಳಗೆ ಪೊಳ್ಳಿಲ್ಲ, ಅಂಚು ಚೂಪಾಗಿ ಕತ್ತರಿಸಬಹುದು. 8×4 ಶೀಟ್ ಸುಮಾರು 40 ಕಿಲೋ ತೂಗುತ್ತದೆ. ಮೇಲೆ ಹೇಳಿದ ಅಳತೆಯ ಬಾಕ್ಸಾದರೆ ಒಂದು ಶೀಟಿನಲ್ಲಿ ಐದೂ ಬರುತ್ತವೆ. ಅದರ ಶತ್ರು ನೀರು. ಅಂಚು ಬ್ಲಾಟಿಂಗ್ ಪೇಪರಿನ ಹಾಗೆ ಹೀರಿ ಊದಿಕೊಳ್ಳುತ್ತದೆ. ನೀರು ಬೆರೆಸಿದ ಫೆವಿಕಾಲ್ ಎರಡು ಕೋಟ್ ಅಂಚಿಗೆ ಹಚ್ಚಿ, ಉಜ್ಜಿ, ಆಮೇಲೆ ಪ್ರೈಮರ್ ಹೊಡೆಯಿರಿ. ಕತ್ತರಿಸುವಾಗ ಏಳುವ ಧೂಳು ತುಂಬಾ ನುಣುಪು, ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಒಳ್ಳೆಯ ಮಾಸ್ಕ್ ಬೇಕು. ಆಚಾರಿಗಳಿಗೂ ಕೊಡಿ.

ಪ್ಲೈವುಡ್ ತೇವ ತಡೆಯುತ್ತದೆ, ಸ್ಕ್ರೂ ಗಟ್ಟಿ ಹಿಡಿಯುತ್ತದೆ. ಮಂಡ್ಯದ ಕಡೆ ನಾಲೆ ಪಕ್ಕದ ಊರುಗಳಲ್ಲಿ, ಗೋಡೆ ತಣ್ಣಗೆ ತೇವ ಇರುವ ಹಳೆ ಹಂಚಿನ ಮನೆಗಳಲ್ಲಿ ನಾನು ಪ್ಲೈವುಡ್ಡನ್ನೇ ಹೇಳುತ್ತೇನೆ. ಐಎಸ್ 303 ಗುರುತಿನ ಬಿಡಬ್ಲ್ಯುಆರ್ (ಕುದಿನೀರು ತಡೆಯುವ ದರ್ಜೆ) ಸಾಕು, ಮರೈನ್ ದರ್ಜೆಯ ಐಎಸ್ 710ಗೆ ದುಡ್ಡು ಸುರಿಯಬೇಕಿಲ್ಲ. ಆದರೆ ಅಗ್ಗದ ಪ್ಲೈವುಡ್ಡಿನ ಪದರಗಳ ನಡುವೆ ಪೊಳ್ಳು ಇರುತ್ತದೆ. ಬಾಸ್ ಬಂದಾಗ ಅಲ್ಲಿಂದ ಝರ್ ಅನ್ನುತ್ತದೆ. ಕೊಳ್ಳುವಾಗ ಅಂಚನ್ನು ಸುತ್ತಲೂ ನೋಡಿ, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕೇಳಿ.

ನಮಗೆ ಸಿಕ್ಕ ಆಚಾರಿಗಳು ವಾರ್ಡ್‌ರೋಬ್ ಮಾಡುವುದರಲ್ಲಿ ನುರಿತವರು. ಗಾಳಿ ಸೋರಬಾರದು ಅಂದಾಗ ಅವರಿಗೆ ಅದು ಸರಿಯಾಗಿ ಹಿಡಿಸಲಿಲ್ಲ. "ಆಚಾರ್ರೇ, ಒಳಗೆ ನೀರು ತುಂಬಿಸಿದರೂ ಒಂದು ತೊಟ್ಟು ಹೊರಗೆ ಬರಬಾರದು, ಹಂಗೆ ಮಾಡಿಕೊಡಿ" ಅಂದೆ. "ಓ, ತೊಟ್ಟಿ ಕೆಲಸಾನಾ, ಹಂಗನ್ನಿ" ಅಂದರು. ಆಮೇಲೆ ಒಂದು ಸಂದೂ ಬಿಡಲಿಲ್ಲ. ಪರೀಕ್ಷೆ ಸುಲಭ. ವೂಫರ್ ಕೂರಿಸಿದ ಮೇಲೆ ಕೋನನ್ನು ನಾಲ್ಕು ಬೆರಳಲ್ಲಿ ಮೆಲ್ಲಗೆ ಒಳಗೆ ಒತ್ತಿ ಬಿಡಿ. ನಿಧಾನವಾಗಿ ವಾಪಸ್ ಬಂದರೆ ಬಾಕ್ಸ್ ಬಿಗಿ ಇದೆ. ಪಟ್ಟನೆ ಬಂದರೆ ಎಲ್ಲೋ ಸೋರುತ್ತಿದೆ. ಒಳಗೆ ತುಂಬಲು ದಿಂಬಿನ ಪಾಲಿಯೆಸ್ಟರ್ ಹತ್ತಿ ಸಾಕು. ನಿಜವಾದ ಹತ್ತಿ ತೇವ ಹಿಡಿದು ಗಂಟಾಗುತ್ತದೆ.

ಕ್ರಾಸ್‌ಓವರ್: ಪ್ಯಾಸಿವ್ ಅಥವಾ ಆ್ಯಕ್ಟಿವ್

ಪ್ಯಾಸಿವ್ ಅಂದರೆ ಬಾಕ್ಸಿನೊಳಗೆ ಕಾಯಿಲ್, ಕೆಪ್ಯಾಸಿಟರ್, ರೆಸಿಸ್ಟರ್. ಆ್ಯಕ್ಟಿವ್ ಅಂದರೆ ಮೊದಲೇ ಡಿಎಸ್‌ಪಿ ಅನ್ನುವ ಡಿಜಿಟಲ್ ಸಾಧನದಲ್ಲಿ ದನಿ ಒಡೆದು, ಟ್ವೀಟರಿಗೊಂದು ವೂಫರಿಗೊಂದು ಬೇರೆ ಬೇರೆ ಆ್ಯಂಪ್. ತಪ್ಪಾದರೆ ಲ್ಯಾಪ್‌ಟಾಪಿನಲ್ಲಿ ಎರಡು ನಿಮಿಷದಲ್ಲಿ ಸರಿಮಾಡಬಹುದು, ಅದು ಆ್ಯಕ್ಟಿವ್‌ನ ದೊಡ್ಡ ಸುಖ. ಆದರೆ ಮೂರು ಸ್ಪೀಕರಿಗೆ ಆರು ಆ್ಯಂಪ್ ಬೇಕು, ಪ್ರೀ-ಔಟ್ (ಹೊರಗಿನ ಆ್ಯಂಪಿಗೆ ದನಿ ಕೊಡುವ ಜಾಕ್) ಇರುವ ದುಬಾರಿ ರಿಸೀವರ್ ಬೇಕು. ಎರಡೇ ಸ್ಪೀಕರ್ ಮಾಡುವವರು, ಡಿಸೈನ್ ಕಲಿಯಬೇಕು ಅನ್ನುವವರು ಆ್ಯಕ್ಟಿವ್ ಮಾಡಿ. ಹೋಂ ಥಿಯೇಟರಿಗೆ, ಸಿದ್ಧ ಡಿಸೈನಿಗೆ ಪ್ಯಾಸಿವ್ ಸಾಕು.

ಬಿಡಿಭಾಗಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ ಅನ್ನುವುದು ನನಗೆ ತಡವಾಗಿ ತಿಳಿಯಿತು. ಸೀಲಿಂಗ್ ಫ್ಯಾನಿನ ಕೆಪ್ಯಾಸಿಟರ್ ಇದೆಯಲ್ಲ, 2.5 ಅಥವಾ 3.15 ಮೈಕ್ರೋಫ್ಯಾರಡ್, 440 ವೋಲ್ಟಿನದ್ದು. ಅದು ಪಾಲಿಪ್ರೊಪಿಲೀನ್ ಫಿಲ್ಮ್ ಕೆಪ್ಯಾಸಿಟರೇ. ಶಿವರಾಂಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಎರಡನ್ನು ಸಮಾಂತರವಾಗಿ ಸೇರಿಸಿದರೆ ಮೈಕ್ರೋಫ್ಯಾರಡ್ ಕೂಡುತ್ತದೆ: 2.5 ಮತ್ತು 3.15 ಸೇರಿ 5.65. ಹೊಸದನ್ನೇ ಕೊಳ್ಳಿ, ಹಳೆ ಫ್ಯಾನಿನದ್ದು ಬೇಡ. ಕಾಯಿಲ್ ಸುತ್ತಲು ಎನಾಮಲ್ ತಾಮ್ರದ ತಂತಿ ಬೇಕು. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ಅದು ತೂಕದ ಲೆಕ್ಕದಲ್ಲಿ ಸಿಗುತ್ತದೆ. ಮಂಡ್ಯ ಜಿಲ್ಲೆಯಲ್ಲಿ ರಿವೈಂಡಿಂಗ್ ಅಂಗಡಿಗೆ ಹುಡುಕಬೇಕಿಲ್ಲ. ಸುತ್ತಿದ ಮೇಲೆ ಎಲ್‌ಸಿಆರ್ ಮೀಟರಿನಲ್ಲಿ ಅಳೆಯಲೇಬೇಕು. ಅಂದಾಜಿನ ಕಾಯಿಲ್ ಹಾಕಬೇಡಿ. ಎರಡು ಕಾಯಿಲ್ ಪಕ್ಕಪಕ್ಕ ಒಂದೇ ದಿಕ್ಕಿಗೆ ಮಲಗಿಸಬೇಡಿ, ಒಂದನ್ನು ನಿಲ್ಲಿಸಿ ಒಂದನ್ನು ಮಲಗಿಸಿ, ದೂರ ಇಡಿ. ಇಲ್ಲದಿದ್ದರೆ ಒಂದರ ಕಾಂತಶಕ್ತಿ ಇನ್ನೊಂದಕ್ಕೆ ಹಾಯುತ್ತದೆ.

ಆ್ಯಂಪಿನ ಬಗ್ಗೆ ಜಾಸ್ತಿ ಯೋಚಿಸಬೇಡಿ. ಸ್ಪೀಕರಿನ ಸೆನ್ಸಿಟಿವಿಟಿ (ಕೊಟ್ಟ ವ್ಯಾಟಿಗೆ ಎಷ್ಟು ಜೋರು ಅನ್ನುವ ಅಳತೆ) 3 ಡೆಸಿಬಲ್ ಜಾಸ್ತಿ ಇದ್ದರೆ ಅಷ್ಟೇ ಜೋರಿಗೆ ಅರ್ಧದಷ್ಟು ವ್ಯಾಟ್ ಸಾಕು. 10×12 ಕೋಣೆಗೆ ಚಾನೆಲ್ಲಿಗೆ ನಿಜವಾದ 50 ವ್ಯಾಟ್ ಬೇಕಾದಷ್ಟಾಯಿತು. ತಂತಿಗೆ ಮನೆ ವೈರಿಂಗಿನ 1.5 ಸ್ಕ್ವೇರ್ ಎಂಎಂ ತಾಮ್ರದ ತಂತಿ ಹಾಕಿ, ಐದು ಮೀಟರಿಗೆ ಧಾರಾಳ.

ಸಬ್ ಮತ್ತು ಕೋಣೆ

ಸಬ್ಬನ್ನು ಮೊದಲ ಸಲ ಕೊಂಡರೂ ತಪ್ಪಿಲ್ಲ. ಮಾಡುವುದಾದರೆ ಮುಚ್ಚಿದ ಬಾಕ್ಸು, 10 ಅಥವಾ 12 ಇಂಚಿನ ಡ್ರೈವರ್, ಪ್ಲೇಟ್ ಆ್ಯಂಪ್ (ಬಾಕ್ಸಿಗೇ ಕೂರಿಸುವ ಆ್ಯಂಪ್). 12 ಅಡಿ ಉದ್ದದ ಕೋಣೆ ಸುಮಾರು 47 ಹರ್ಟ್ಸ್‌ನಲ್ಲಿ ತಾನೇ ಗುಂಯ್‌ಗುಡುತ್ತದೆ, 10 ಅಡಿ ಅಗಲ 56ರಲ್ಲಿ. ಎಷ್ಟು ದುಬಾರಿ ಸಬ್ ತಂದರೂ ಇದು ತಪ್ಪುವುದಿಲ್ಲ. ಸಬ್ಬನ್ನು ನೀವು ಕೂರುವ ಕುರ್ಚಿಯ ಮೇಲಿಟ್ಟು, ಬಾಸ್ ಇರುವ ಹಾಡು ಹಾಕಿ, ಗೋಡೆ ಪಕ್ಕ ಅಂಬೆಗಾಲಿಟ್ಟು ಕೇಳುತ್ತಾ ಹೋಗಿ. ಎಲ್ಲಿ ಬಾಸ್ ಸಮವಾಗಿ ಕೇಳುತ್ತದೋ ಸಬ್ಬಿನ ಜಾಗ ಅದು. ವಿಟ್ರಿಫೈಡ್ ಟೈಲ್ಸ್ ನೆಲವಾದರೆ ಸ್ಪೀಕರಿಗೂ ಕುರ್ಚಿಗೂ ನಡುವೆ ದಪ್ಪನೆಯ ಜಮಖಾನ ಹಾಸಿ. ನೆಲದಿಂದ ಪುಟಿದು ಬರುವ ದನಿ ಮಾತನ್ನು ಮಸುಕು ಮಾಡುತ್ತದೆ. ಅದಕ್ಕೆ ಇಷ್ಟು ಅಗ್ಗದ ಮದ್ದು ಬೇರೆ ಇಲ್ಲ.

ವಾರ್ತೆಯ ಪರೀಕ್ಷೆ

ಸ್ಪೀಕರ್ ಮುಗಿದ ದಿನ ಎಲ್ಲರೂ ಜೋರು ಬಾಸಿನ ಸಿನಿಮಾ ಹಾಕುತ್ತಾರೆ. ನೀವು ವಾರ್ತೆ ಹಾಕಿ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಇದೇ ಊರಿನಲ್ಲಿ, ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದರು. ಆಕಾಶವಾಣಿ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಮಾತನ್ನು ಮನೆಮನೆಗೆ ಸ್ಪಷ್ಟವಾಗಿ ಮುಟ್ಟಿಸುವ ಕೆಲಸ ಮೈಸೂರಿಗೆ ಹೊಸದಲ್ಲ. ಅದಕ್ಕೋ ಏನೋ, ನನಗೆ ವಾರ್ತೆ ಓದುವವರ ದನಿಗಿಂತ ಒಳ್ಳೆಯ ಪರೀಕ್ಷೆ ಇನ್ನೊಂದು ಸಿಕ್ಕಿಲ್ಲ. ಹಿನ್ನೆಲೆ ಸಂಗೀತ ಇಲ್ಲ, ಒಂದೇ ದನಿ, ಸ್ಪಷ್ಟ ಉಚ್ಚಾರ. ವಾರ್ತೆ ಸ್ಟೀರಿಯೋದಲ್ಲಿ ಬರುವುದರಿಂದ ರಿಸೀವರಿನಲ್ಲಿ ಸರೌಂಡ್ ಮೋಡ್ ಹಾಕಿ, ಮಾತು ಸೆಂಟರಿಗೆ ಹೋಗುತ್ತದೆ.

ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು. ಕೆಆರ್‌ಎಸ್ ನೀರಿನ ಮಟ್ಟ ಹೇಳುತ್ತಾರೆ. ತುಂಬಿದರೆ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್. ಒಳಹರಿವು, ಹೊರಹರಿವು ಎರಡನ್ನೂ ಒಂದಾದ ಮೇಲೊಂದು ಹೇಳಿ ನೋಡಿ, ಎಷ್ಟು ಹತ್ತಿರದ ಪದಗಳು. ಸೌಂಡ್ ಕಮ್ಮಿ ಇಟ್ಟು, ಮನೆಯಲ್ಲಿ ಅತಿ ಬದಿಗೆ ಕೂರುವವರನ್ನು ಅವರ ಜಾಗದಲ್ಲೇ ಕೂರಿಸಿ. ಫ್ಯಾನ್ ತಿರುಗುತ್ತಿರಲಿ. ಅಂಕಿ ಎಷ್ಟು ಅಂತ ಅವರನ್ನು ಕೇಳಿ.

ನಮ್ಮ ಮನೆಯಲ್ಲಿ ಕೇಳುವ ಮೊದಲೇ ಉತ್ತರ ಬಂತು. ಅಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ತಲೆ ಎತ್ತದೆ, "ಒಳಹರಿವು ಇವತ್ತು ಜಾಸ್ತಿ ಆಗಿದೆಯಂತೆ ಕಣೋ" ಅಂದರು.